ಚೌಕದ ಪ್ರದಕ್ಷಿಣೆ

ನಮ್ಮ ಅತ್ತೆಯ ಬಲಮಂಡಿ ಪೂರ್ತಿ ಮಡಚುವುದಿಲ್ಲ. ನಮ್ಮೂರು ಉಮರ್ಗಾದಿಂದ ಅವರ ತವರೂರು ದಾಳಿಂಬಕ್ಕೆ ಹೋಗುವ ಶೇರ್ ಆಟೋದಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂಡಬೇಕು, ಕಾಲು ಚಾಚಲು ಜಾಗವಿಲ್ಲ. ಅವರು ತವರಿಗೆ ಹೋಗದೆ ವರ್ಷ ತುಂಬಿತ್ತು. ಸ್ಕೂಟಿಯ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತರೆ ನೋವಾಗುವುದಿಲ್ಲ ಎಂದು ಒಂದು ದಿನ ನಮ್ಮ ಮನೆಯವರ ಜೊತೆ ದವಾಖಾನೆಗೆ ಹೋಗಿಬಂದಾಗ ಗೊತ್ತಾಯಿತು. ಮನೆಯವರು ಕಿರಾಣಿ ಅಂಗಡಿ ಬಿಟ್ಟು ಬರುವ ಹಾಗಿಲ್ಲ. ನಾನೇ ಕರೆದೊಯ್ಯುತ್ತೇನೆ ಅಂದೆ. ಗಲ್ಲಿಯೊಳಗೆ ಸ್ಕೂಟಿ ಓಡಿಸಿ ಕೈ ಕೂತಿತ್ತು.

"ಮೊದ್ಲ ಲೈಸೆನ್ಸ್ ತಗೀ, ಆಮ್ಯಾಗ ಕೀಲಿ ಕೇಳು," ಅಂದರು ಮನೆಯವರು.

ಹೀಗೆ ನಾನು ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಗೆ ಓದಲು ಕೂತೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಾಲ್ಕು ಗೆರೆಯ ವಹಿಯಲ್ಲಿ ಅಕ್ಷರ ಗೆರೆ ದಾಟದಂತೆ ಬರೆಯಲು ಕಲಿಸಿದ್ದರು. ರಸ್ತೆಯ ನಡುವಿನ ಗೆರೆ ಒಂದು ಕಡೆ ತುಂಡು ತುಂಡಾಗಿ, ಇನ್ನೊಂದು ಕಡೆ ಅಖಂಡವಾಗಿ ಏಕೆ ಇರುತ್ತದೆ ಎಂದು ಈ ವಯಸ್ಸಿನವರೆಗೂ ನಾನು ಯಾರನ್ನೂ ಕೇಳಿರಲಿಲ್ಲ. ಈಗ ಕಾಯಿಪಲ್ಲೆ ತರಲು ಹೋದರೂ ಕಣ್ಣು ಫಲಕಗಳ ಮೇಲೆ. ದವಾಖಾನೆಯ ಮುಂದೆ ಹಾರ್ನ್ ಹಾಕಬಾರದೆನ್ನುವ ಫಲಕದ ತುತ್ತೂರಿ ಬಿಸಿಲಿಗೆ ಮಾಸಿಹೋಗಿ, ಅದರ ಮೇಲಿನ ಕೆಂಪು ಗೆರೆ ಮಾತ್ರ ಉಳಿದಿತ್ತು. ತಿರುವಿನ ಗುರುತಿಗೆ ಯಾರದೋ ಹುಟ್ಟುಹಬ್ಬದ ಬ್ಯಾನರಿನ ಹಗ್ಗ ಬಿಗಿದಿದ್ದರು.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೊಬೈಲಿನಲ್ಲಿ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಓದಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಚಾಲಕ ಬಲಗೈಯನ್ನು ಹಿಂದೆ ಮುಂದೆ ಬೀಸಿದರೆ ಏನರ್ಥ? ಅತ್ತೆ ಶೇಂಗಾ ಸುಲಿಯುತ್ತಲೇ ಅಂದರು, "ಮುಂದ ಹೋಗು ಅಂತ. ನನ್ನ ತಮ್ಮ ಟ್ರ್ಯಾಕ್ಟರ್ ಮ್ಯಾಲಿಂದ ದಿನಾ ಹಂಗೇ ಮಾಡ್ತಾನ." ಉತ್ತರ ಸರಿಯಿತ್ತು.

ಒಂದು ಪ್ರಶ್ನೆ ಮಾತ್ರ ನನಗೆ ಒಲಿಯಲಿಲ್ಲ. ನಡುವೆ ಕಟ್ಟೆಯಿರುವ ಚೌಕದಲ್ಲಿ ಬಲಕ್ಕೆ ಹೋಗಬೇಕಾದರೆ ಹೇಗೆ ಹೋಗಬೇಕು? ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಮುಕ್ಕಾಲು ಸುತ್ತು ಹಾಕಬೇಕು ಅನ್ನುವುದು ಸರಿಯುತ್ತರ.

"ಕಟ್ಟಿ ಬಲಕ್ಕಿರಬೇಕು ಅಂತಾರ? ಅದು ಪ್ರದಕ್ಷಿಣಿನೇ ಅಲ್ಲೇನು," ಅಂದ ಅತ್ತೆ ಅಂಗಳದಲ್ಲಿ ನಳದ ಹತ್ತಿರ ಒಂದು ಕೊಡ ಇಡಿಸಿದರು. ನಾನು ಗಾಳಿಯಲ್ಲಿ ಹ್ಯಾಂಡಲ್ ಹಿಡಿದು ಸುತ್ತತೊಡಗಿದೆ. ಮುಕ್ಕಾಲು ಸುತ್ತು ಮುಗಿಯುವ ಮೊದಲೇ ನಳದ ನೀರು ಹರಿಯುವ ಸಣ್ಣ ಕಾಲುವೆ ಅಡ್ಡ ಬಂತು.

"ಸಾಕು, ತಿರುಗು," ಅಂದರು ಅತ್ತೆ. ನಾನೂ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಬಂದೆ.

ಊಟಕ್ಕೆ ಬಂದಿದ್ದ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಚೌಕದಾಗ ಹಿಂಗ ಹಿಂದ ತಿರುಗಿದ್ರ ಎಸ್.ಟಿ. ಬಸ್ ಎದುರಿಗೇ ಬರ್ತದ. ಯಾವ ಮಾಸ್ತರ ಕಲಿಸ್ಯಾನ ನಿನಗ?"

ಯಾರೂ ಕಲಿಸಿದ್ದಲ್ಲ. ಮಾದೇವನ ಗುಡಿಯಲ್ಲಿ ಲಿಂಗದ ಮೇಲಿನ ನೀರು ಹೊರಬೀಳುವ ಜಾಗವನ್ನು ದಾಟಬಾರದು, ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ಮರಳಬೇಕು. ನನ್ನ ತವರಲ್ಲೂ ಅತ್ತೆಯ ತವರಲ್ಲೂ ಚಿಕ್ಕಂದಿನಿಂದ ಕಾಲಿಗೆ ಅದೇ ರೂಢಿ. ಮೊಬೈಲಿನ ಪರೀಕ್ಷೆಯಲ್ಲಿ ನಾನು ಮತ್ತೆ ಮತ್ತೆ ಆ ಉತ್ತರ ತಪ್ಪುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಅತ್ತೆ ಕೊಡದ ಕಡೆ ಕೈ ತೋರಿಸಿದರು. "ಹಂಗಿದ್ರ ಚೌಕಕ್ಕ ಹನುಮಪ್ಪ ಅನ್ಕೋ, ಯವ್ವಾ. ಮಾದೇವ ಅನ್ಕೋಬ್ಯಾಡ. ಹನುಮಪ್ಪಗ ಪೂರಾ ಸುತ್ತು ನಡೀತದ."

ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನ ಮುಂದೆ. ಕ್ಯಾಮೆರಾದಲ್ಲಿ ನನ್ನ ಮುಖವೊಂದೇ ಕಾಣಬೇಕೆಂದು ಅತ್ತೆಯನ್ನು ಹೊರಗಿನ ಕಟ್ಟೆಗೆ ಕೂಡಿಸಿದ್ದೆ. ಚೌಕ ಬಂತು, ಗೆರೆ ಬಂತು, ಕೈಸನ್ನೆಯೂ ಬಂತು. ಕೊನೆಗೆ ನಾನು ಎಂದೂ ಓದಿರದ ಒಂದು ಪ್ರಶ್ನೆ: ಲರ್ನಿಂಗ್ ಲೈಸೆನ್ಸ್ ಇದ್ದವರು ದ್ವಿಚಕ್ರದ ಹಿಂದೆ ಯಾರನ್ನು ಕೂಡಿಸಿಕೊಳ್ಳಬಹುದು? ಯಾರನ್ನಾದರೂ, ಕುಟುಂಬದವರನ್ನು ಮಾತ್ರ, ಲೈಸೆನ್ಸ್ ಇದ್ದು ಕಲಿಸುವವರನ್ನು ಮಾತ್ರ.

ಓದಿದ ಕೂಡಲೇ ಸರಿಯುತ್ತರ ಮೂರನೆಯದೆಂದು ಹೊಳೆಯಿತು. ಆದರೂ ಬೆರಳು ಎರಡನೆಯದರ ಮೇಲೆ ನಿಂತೇ ಇತ್ತು. ಪಕ್ಕದಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಮೂರನೆಯದನ್ನು ಒತ್ತಿದೆ. ಪಾಸಾದೆ.

ಹೊರಗೆ ಬಂದು ಎರಡನ್ನೂ ಹೇಳಿದೆ: ಪಾಸಾಗಿದ್ದು, ಮತ್ತು ಪಕ್ಕಾ ಲೈಸೆನ್ಸ್ ಬರುವವರೆಗೆ ಅವರನ್ನು ಹಿಂದೆ ಕೂಡಿಸಿಕೊಳ್ಳುವ ಹಾಗಿಲ್ಲ ಅನ್ನುವುದು. ಅತ್ತೆ ತಮ್ಮ ಕಾಲು ನೋಡಿಕೊಂಡರು.

"ಹಿಂದ ಕೂಡಾಕೂ ಲೈಸೆನ್ಸ್ ಬೇಕೇನು?"

"ಈಗಂತೂ ಬೇಕ್ರೀ. ಪಕ್ಕಾದ್ದಕ್ಕ ಇನ್ನೊಂದು ತಿಂಗಳಾದ್ರೂ ಕಾಯಬೇಕು."

"ಒಂದು ವರ್ಷ ಕಾದೀನಿ, ಇನ್ನೊಂದು ತಿಂಗಳೇನು ದೊಡ್ಡದು," ಅಂದು ತಮ್ಮನಿಗೆ ಫೋನ್ ಹಚ್ಚಿಸಿಕೊಂಡರು. "ತಮ್ಮಾ, ನಾವು ಪಾಸಾಗೇವಿ. ಮುಂದಿನ ತಿಂಗಳ ಬರ್ತೀವಿ." ಆಮೇಲೆ ದನಿ ತಗ್ಗಿಸಿ, "ಅಲ್ಲೋ, ಇಷ್ಟು ವರ್ಷ ಟ್ರ್ಯಾಕ್ಟರ್ ಹೊಡಿತಿ, ನಿನ್ನ ಕಡೆ ಲೈಸೆನ್ಸ್ ಅದ ಏನು?"

ಆ ಕಡೆಯಿಂದ, "ಕಾಲು ಹ್ಯಾಂಗದ ಅಕ್ಕಾ?" ಅನ್ನುವ ದನಿ ನನಗೂ ಕೇಳಿಸಿತು.