ಅಕ್ಕ ಓದದ ಹೆಸರು

ಹೋದ ತಿಂಗಳು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಸಣ್ಣ ಬಾಟಲಿ ತೆಗೆದು ಮಂಡಿಗೆ ಎಣ್ಣೆ ಸವರಿಕೊಂಡರು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ್ದು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಎಡಗಾಲಿನ ಹರಡು ತಾನಾಗಿ ಬಿಗಿಯಿತು. ಆಟಕ್ಕೆ ಮೊದಲು ನಮ್ಮ ಕಾಲುಗಳಿಗೆ ಅದೇ ಎಣ್ಣೆ ತಿಕ್ಕುತ್ತಿದ್ದ ಕೈಗಳು ನೆನಪಾದವು...

ನಾವು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದರಂತೆ. ಗಣಿ ಮುಚ್ಚಿದ ಮೇಲೂ ಅಕ್ಕ ಊರು ಬಿಡದೆ ಶಾಲೆಯೊಂದರಲ್ಲಿ ಅಟೆಂಡರ್ ಕೆಲಸ ಮಾಡುತ್ತಿದ್ದರು. ಸಂಜೆ ನಾಲ್ಕೂವರೆಗೆ ಸೀರೆಯ ಮೇಲೊಂದು ಹಳೆಯ ಜೆರ್ಸಿ ಹಾಕಿಕೊಂಡು ಗ್ರೌಂಡಿಗೆ ಬರುತ್ತಿದ್ದರು. ಗಣಿಯ ತ್ಯಾಜ್ಯ ಮಣ್ಣು ರಾಶಿ ಬಿದ್ದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಬಾಯೊಳಗೆಲ್ಲ ಧೂಳು. ಆ ಧೂಳಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡವೊಂದನ್ನು ಅವರು ಒಬ್ಬರೇ ಕಟ್ಟಿ ನಿಲ್ಲಿಸಿದ್ದರು. ಲೈನ್ ಮನೆಗಳ ಹುಡುಗಿಯರು ತಮಿಳಿನಲ್ಲಿ ಕೂಗಿದರೆ, ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಿದ್ದ ನಾವು ಕನ್ನಡ ತೆಲುಗು ಎರಡನ್ನೂ ಬೆರೆಸಿ ಕೂಗುತ್ತಿದ್ದೆವು. ಅಕ್ಕನಿಗೆ ಮೂರೂ ಬರುತ್ತಿದ್ದವು.

ನನಗೆ ಆಗ ಹದಿನೇಳು. ಕೂಲಿಗೆ ಹೋಗುವ ಅಪ್ಪ ಅಮ್ಮನನ್ನು ಒಪ್ಪಿಸಲು ಅಕ್ಕ ನಾಲ್ಕು ಸಲ ನಮ್ಮ ಮನೆಗೆ ಬಂದಿದ್ದರು. ಎಡಗಡೆಯಿಂದ ನುಗ್ಗಿ ಗೋಲು ಹೊಡೆಯುವುದು ನನ್ನ ಕೆಲಸ. ಮೂರು ವರ್ಷ ತಂಡದ ಗೋಲುಗಳಲ್ಲಿ ಮುಕ್ಕಾಲು ಪಾಲು ನನ್ನವೇ. ಇದು ಜಂಬವಲ್ಲ, ಜಂಬ ಇದ್ದದ್ದು ಬೇರೆ ಕಡೆ. ನಮ್ಮಲ್ಲಿ ಲೈನ್ ಮನೆಯ ಒಬ್ಬ ಸಣಕಲು ಹುಡುಗಿಯಿದ್ದಳು. ಬಾಲ್ ಬಂದರೆ ಗಾಬರಿಯಾಗಿ ನಿಂತುಬಿಡುತ್ತಿದ್ದಳು. ನಾನು ಅವಳಿಗೆ ಕಂಬ ಎಂದು ಹೆಸರಿಟ್ಟಿದ್ದೆ. ಒಮ್ಮೆ ಹರಡು ಉಳುಕಿ ನಾನು ಒಂದು ಆಟಕ್ಕೆ ಇಳಿಯಲಿಲ್ಲ. ನಮ್ಮವರು ಐದು ಗೋಲು ತಿಂದರು. ಎದುರಿನ ಗೋಲಿನತ್ತ ಒಂದೇ ಒಂದು ಸಲವೂ ಒದೆಯಲಿಲ್ಲ. ಎಲ್ಲರೂ ಅಳುತ್ತಿದ್ದಾಗ ಹೊರಗೆ ಕೂತಿದ್ದ ನನಗೆ ಒಳಗೊಳಗೇ ಖುಷಿ. ಅಕ್ಕ ಅವರನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಯಾಕೆ ಎಂದು ಆಗ ತಿಳಿಯಲಿಲ್ಲ.

ನಾವು ವರ್ಷಕ್ಕೊಮ್ಮೆ ತಂಡದ ಕಾಗದಕ್ಕೆ ಸಹಿ ಹಾಕಬೇಕಿತ್ತು. ಸೀಸನ್ ಮುಗಿದರೆ ಆ ಸಹಿಯ ಕಟ್ಟು ತೀರಿತು. ತಂಡ ಮತ್ತೆ ಕರೆದರೆ ಉಳಿಯಬಹುದು, ಕರೆಯದಿದ್ದರೆ ಬೇರೆ ಯಾರು ಬೇಕಾದರೂ ಕರೆದುಕೊಳ್ಳಬಹುದು. ಆ ವರ್ಷ ಬೆಂಗಳೂರಿನ ತಂಡವೊಂದು ನನ್ನನ್ನು ಕೇಳಿತ್ತು. ನನಗೆ ಹೋಗುವ ಮನಸ್ಸಿರಲಿಲ್ಲ. ಅಕ್ಕ ಬಿಟ್ಟುಕೊಡುತ್ತಾರೆ ಎಂಬ ಯೋಚನೆಯೂ ಬಂದಿರಲಿಲ್ಲ.

ಒಂದು ಭಾನುವಾರ ಅಕ್ಕ ಗ್ರೌಂಡಿನಲ್ಲಿ ನಮ್ಮನ್ನು ಕೂರಿಸಿ ಹೊಸ ವರ್ಷದ ಹೆಸರುಗಳನ್ನು ಓದಿದರು. ಹದಿನೆಂಟು ಹೆಸರು. ಕಂಬದ ಹೆಸರೂ ಬಂತು. ಓದಿ ಮುಗಿಸಿ ಕಾಗದ ಮಡಚಿದರು. ನಾನು ಇನ್ನೂ ನಗುತ್ತಲೇ ಇದ್ದೆ, ಮರೆತಿರಬೇಕು ಅಂದುಕೊಂಡು. ಪಕ್ಕ ಕೂತಿದ್ದ ನಮ್ಮ ಗೋಲ್‌ಕೀಪರ್ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದಾಗ ನಗು ನಿಂತಿತು.

"ಯಾಕಕ್ಕಾ? ನಾನೇನ್ ಮಾಡ್ದೆ?" ಎಂದೆ.

"ನೀನೇನೂ ಮಾಡ್ಲಿಲ್ಲ ಮಾ. ನಿನ್ ಪೇಪರ್ ಬಿಟ್ಟಿದ್ದೀನಿ. ಬೆಂಗಳೂರಿಗೆ ಹೋಗು."

ಅಷ್ಟೇ. ಕೋನ್‌ಗಳನ್ನು ಎತ್ತಿಕೊಂಡು ಹೊರಟುಬಿಟ್ಟರು. ಆ ದಿನ ಊರಿಗೆ ಹೇಗೆ ತಲುಪಿದೆನೋ ಇವತ್ತಿಗೂ ನೆನಪಿಲ್ಲ... ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ್ದಷ್ಟೇ ನೆನಪು.

ಆಮೇಲೆ ನಾನು ಮಾಡಿದ್ದನ್ನು ಹೇಳದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ಊರಲ್ಲಿ ಎಲ್ಲರೂ ಕೇಳುತ್ತಿದ್ದರು, ಅಷ್ಟು ಚೆನ್ನಾಗಿ ಆಡುವವಳನ್ನು ಯಾಕೆ ಬಿಟ್ಟರು ಎಂದು. ಬೇಡವಾದವಳು ಅನ್ನಿಸಿಕೊಳ್ಳುವುದಕ್ಕಿಂತ ಸುಲಭ ಎಂದು ಸುಳ್ಳು ಉತ್ತರವೊಂದನ್ನು ಕಟ್ಟಿದೆ. ಅಕ್ಕ ಬೆಂಗಳೂರಿನವರ ಹತ್ತಿರ ದುಡ್ಡು ತಗೊಂಡು ನನ್ನನ್ನು ಮಾರಿಕೊಂಡರು ಎಂದೆ. ಒಬ್ಬರಿಗೆ ಹೇಳಿದ್ದು ನಾಲ್ಕು ಹಳ್ಳಿ ತಿರುಗಿತು. ಮೂರು ಮನೆಯವರು ಹುಡುಗಿಯರನ್ನು ಗ್ರೌಂಡಿಗೆ ಕಳಿಸುವುದು ನಿಲ್ಲಿಸಿದರು. ಅಕ್ಕ ಆ ಮನೆಗಳ ಬಾಗಿಲಿಗೆ ಹೋಗಿ ನಿಂತು ಬಂದರಂತೆ. ನನ್ನ ಹೆಸರೆತ್ತಿ ಒಂದು ಮಾತೂ ಆಡಲಿಲ್ಲವಂತೆ.

ಬೆಂಗಳೂರಿನ ತಂಡದಲ್ಲಿ ನನ್ನಂಥವರು ಐದು ಜನರಿದ್ದರು. ಮೊದಲ ನಾಲ್ಕು ತಿಂಗಳು ಹೊರಗೇ ಕೂತೆ. ಬಾಲ್ ಕೊಡುವುದನ್ನು, ಹಿಂದೆ ಓಡಿ ಬಂದು ತಡೆಯುವುದನ್ನು ಅಲ್ಲಿ ಹೊಸದಾಗಿ ಕಲಿಯಬೇಕಾಯಿತು. ಮರು ವರ್ಷ ಕಪ್ ಒಂದರ ಆಟಕ್ಕೆ ನಮ್ಮ ತಂಡ ಕೆಜಿಎಫ್‌ಗೆ ಬಂತು. ಎದುರಿಗೆ ಅಕ್ಕನ ತಂಡ. ನಾನಿಲ್ಲದೆ ಇವರ ಗತಿ ಏನೆಂದು ಇವತ್ತು ಊರೆಲ್ಲ ನೋಡಲಿ ಎಂದುಕೊಂಡೇ ಶೂ ಕಟ್ಟಿದೆ.

ನೋಡಿದ್ದು ನಾನು. ಅಕ್ಕನ ತಂಡದಲ್ಲಿ ಬಾಲ್ ಒಬ್ಬರ ಕಾಲಲ್ಲಿ ಎರಡು ಕ್ಷಣಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಹನ್ನೊಂದೂ ಜನ ಆಡುತ್ತಿದ್ದರು. ನಾನು ಬೈದು ಬೈದು ಮೂಲೆಗೆ ತಳ್ಳಿದ್ದ ಹುಡುಗಿಯರೇ ಒಬ್ಬರಿಗೊಬ್ಬರು ಕೂಗಿ ಜಾಗ ತೋರಿಸುತ್ತಿದ್ದರು. ನಾವು ಒಂದು ಗೋಲು ಹೊಡೆದೆವು, ಅವರು ಸಮ ಮಾಡಿದರು. ಕೊನೆಗೆ ಆ ಸಣಕಲು ಹುಡುಗಿ ನನ್ನ ಕಡೆಯಿಂದಲೇ, ನನ್ನ ಹೆಗಲು ಸವರಿಕೊಂಡು ನುಗ್ಗಿ ಎರಡನೆಯದನ್ನು ಹೊಡೆದಳು. ನಾನು ನಿಂತಲ್ಲೇ ನಿಂತುಬಿಟ್ಟೆ, ಕಂಬದ ಹಾಗೆ.

ಆಟ ಮುಗಿದ ಮೇಲೆ ಅಕ್ಕನ ತಂಡದ ಆ ಗೋಲ್‌ಕೀಪರ್ ಬಂದು ತಬ್ಬಿಕೊಂಡಳು. ನಾನು ಹೋದ ಮೇಲೆ ಅಕ್ಕ ಹಿಂದಿನ ವರ್ಷದ ಆಟಗಳನ್ನು ಫೋನಿನಲ್ಲಿ ಅವರಿಗೆಲ್ಲ ತೋರಿಸಿದರಂತೆ. ಬಾಲ್ ಸಿಕ್ಕ ತಕ್ಷಣ ಒಬ್ಬಳೂ ಗೋಲಿನ ಕಡೆ ನೋಡುತ್ತಿರಲಿಲ್ಲವಂತೆ. ಎಲ್ಲರೂ ನನ್ನನ್ನೇ ಹುಡುಕುತ್ತಿದ್ದರಂತೆ.

ಅಕ್ಕ ದೂರದಲ್ಲಿ ನೀರಿನ ಕ್ಯಾನ್ ಮುಚ್ಚುತ್ತಿದ್ದರು. ಕೂದಲು ನೆರೆತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರೇ ಮಾತು ತೆಗೆದರು.

"ನಿನ್ ಒಳ್ಳೇದಕ್ಕೆ ಕಳಿಸ್ದೆ ಅಂತ ಸುಳ್ಳು ಹೇಳಲ್ಲ ಮಾ. ಇವರಿಗೋಸ್ಕರ ನಿನ್ನ ಬಿಟ್ಟೆ. ನೀನಿದ್ರೆ ಇವ್ರು ಯಾವತ್ತೂ ಆಡ್ತಿರ್ಲಿಲ್ಲ."

"ಅವತ್ತೇ ಹೇಳ್ಬೋದಿತ್ತಲ್ಲಕ್ಕಾ."

"ಹೇಳಿದ್ರೆ ಬದ್ಲಾಗ್ತೀನಿ ಅಂತಿದ್ದೆ ನೀನು. ನಾನು ನಂಬಿಬಿಡ್ತಿದ್ದೆ. ನಿನ್ನ ಬಿಡೋದು ನನಗೇನು ಸುಲಭ ಇತ್ತಾ?"

ನನ್ನ ಸುಳ್ಳಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ತಂಡದ ವ್ಯಾನು ಹಾರ್ನ್ ಹೊಡೆಯಿತು. ಅವರು ನನ್ನ ಕೆನ್ನೆ ತಟ್ಟಿ, ಎಡಗಾಲು ಜೋಪಾನ ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ಆ ಕೈ ಹೇಳಿತು. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದು ವ್ಯಾನು ಹತ್ತಿದೆ...

ಮುಂದಿನ ಸಲ ಬರಲಿಲ್ಲ. ಆಟ, ಓದು, ಕೆಲಸ ಎಂದು ವರ್ಷಗಳು ಹೋದವು. ಎರಡು ವರ್ಷದ ಹಿಂದೆ ಗೋಲ್‌ಕೀಪರ್ ಫೋನ್ ಮಾಡಿದಳು. ಅಕ್ಕ ಶಾಲೆಯಲ್ಲಿ ಗಂಟೆ ಹೊಡೆದು ಬಂದು ಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಈಗ ನಾನು ಬಂಗಾರಪೇಟೆ ಹತ್ತಿರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಬಸ್ಸಿನಲ್ಲಿ ಆ ಎಣ್ಣೆಯ ವಾಸನೆ ಬಂದ ದಿನ ನಾನು ಹೊರಟಿದ್ದು ಕಾಮಸಮುದ್ರದ ಕಡೆಯ ಒಂದು ಹಳ್ಳಿಗೆ, ಚೆನ್ನಾಗಿ ಓಡುವ ಹುಡುಗಿಯೊಬ್ಬಳನ್ನು ತಂಡಕ್ಕೆ ಕಳಿಸಿಕೊಡಿ ಎಂದು ಅವಳ ಅಪ್ಪನನ್ನು ಕೇಳಲು. ಅವರು ಕುರಿ ಕಟ್ಟಿ ಬಂದು, ಟೀ ಕೊಡಿಸಿ, ಮೆತ್ತಗೆ ತಲೆಯಾಡಿಸಿದರು.

"ಬ್ಯಾಡ ಮೇಡಂ. ಊರಿಗಾಂ ಕಡೆ ಕೋಚಮ್ಮ ಒಬ್ಳು ಇದ್ಲಂತೆ. ಉಡ್ಗೀನ ಬೆಂಗಳೂರೋರ್ಗೆ ಮಾರ್ಕೊಂಡ್ಲಂತೆ. ಎಲ್ರಿಗೂ ಗೊತ್ತಿರೋ ಇಷ್ಯ."

ಲೋಟ ಕೈಯಲ್ಲೇ ಉಳಿಯಿತು. ಹನ್ನೆರಡು ವರ್ಷದ ಹಿಂದೆ ನಾನಾಡಿದ ಮಾತು ಇನ್ನೂ ಉಸಿರಾಡುತ್ತಿತ್ತು.

"ಆ ಹುಡ್ಗಿ ನಾನೇ ಅಣ್ಣಾ. ಅವ್ರು ಮಾರ್ಕೊಳ್ಲಿಲ್ಲ. ಆ ಮಾತು ಕಟ್ಟಿದ್ದೇ ನಾನು," ಎಂದೆ.

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಮರ್ಯಾದೆಯಿಂದಲೇ ಕೇಳಿದರು:

"ಅಂಗಾದ್ರೆ ಆಯಮ್ಮ ಈಗ ಎಲ್ಲವ್ರೆ ಮೇಡಂ? ಓಗಿ ಒಂದ್ ಮಾತು ಅವ್ರನ್ನೇ ಕೇಳ್ಕೊಂಡು ಬತ್ತೀನಿ."

ಅವರು ತೀರಿಹೋಗಿ ಎರಡು ವರ್ಷವಾಯಿತು ಎಂದು ಹೇಳಿ, ತಣ್ಣಗಾದ ಟೀ ಲೋಟವನ್ನು ಕೆಳಗಿಟ್ಟೆ.