ಪರಿಶೀಲಿಸಿದೆ, ಸರಿಯಿದೆ

ರುಬೀನಾ, ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನ ಹಳೆಯ ಲ್ಯಾಪ್‌ಟಾಪಿಗೆ ಹೊಸ ಪ್ರೊಸೆಸರ್ ಹಾಕಿದಾಗ ಪರದೆ ಕಪ್ಪಗೇ ಉಳಿಯಿತಲ್ಲ, ನೀನು ನಮ್ಮ ಸೋಫಾದ ತುದಿಯಲ್ಲಿ ಕುಳಿತು "ಸಾರಿ ಅಂಕಲ್" ಎಂದೆಯಲ್ಲ — ಅದಕ್ಕೆ ಕಾರಣ ನಾನು ಬರೆದ ಒಂದು ಸುಳ್ಳು ವಾಕ್ಯ. ಅದು ಸುಳ್ಳೆಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಚಿತ್ರಾನ್ನ ಬಡಿಸಿದೆ, ಬಾಯಿ ಬಿಡಲಿಲ್ಲ.

ಇದು ನೀನು ನಮ್ಮ ಜನಕಪುರಿಯ ಮನೆಗೆ ಬರುವುದಕ್ಕೂ ಮೊದಲು ಶುರುವಾದದ್ದು. ಅಂಕಲ್ ಆಗಷ್ಟೇ ನಿವೃತ್ತರಾಗಿದ್ದರು. ಲೋಧಿ ಕಾಲೋನಿಯ ಸರ್ಕಾರಿ ಮನೆ ಬಿಟ್ಟು ಇಲ್ಲಿಗೆ ಬಂದ ಮೇಲೆ ಅವರಿಗೆ ಸಹಿ ಮಾಡಲು ಒಂದು ಕಾಗದವೂ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುವರು, ಹನ್ನೊಂದಕ್ಕೆ ಹಾಲಿನ ಭಯ್ಯಾನನ್ನು ವಿಚಾರಣೆ ಮಾಡುವರು, ಮಧ್ಯಾಹ್ನ ನಾನು ತೊಗರಿಬೇಳೆ ಬೇಯಿಸುವ ಕ್ರಮದಲ್ಲಿ ಲೋಪ ಹುಡುಕುವರು. ನಗಬೇಡ, ಆಗ ನನಗೆ ನಗು ಬರುತ್ತಿರಲಿಲ್ಲ. ಅಷ್ಟು ಮಾತಾಡುತ್ತಿದ್ದ ಮನುಷ್ಯ ಒಂದೊಂದು ದಿನ ಸಂಜೆಯವರೆಗೆ ಕಿಟಕಿ ನೋಡುತ್ತ ಕುಳಿತುಬಿಡುತ್ತಿದ್ದರು. ನನಗೆ ಭಯವಾಗುತ್ತಿತ್ತು.

ಅವರನ್ನು ಎಬ್ಬಿಸಿದ್ದು ನನ್ನ ಲ್ಯಾಪ್‌ಟಾಪು. ಭಾನುವಾರದ ಕನ್ನಡ ಪಾಠಕ್ಕೆ ಅದರಲ್ಲೇ ಅಕ್ಷರ, ಚಿತ್ರ ತೋರಿಸುತ್ತಿದ್ದೆನಲ್ಲ — ಅದು ಅರ್ಧ ಗಂಟೆ ನಡೆದರೆ ಕಾದ ಹೆಂಚು, ಆಮೇಲೆ ನಿಂತೇಹೋಗುವುದು. "ಆಂಟಿ, ಯೇ ತೋ ಫಿರ್ ಹ್ಯಾಂಗ್ ಹೋ ಗಯಾ!" ಎಂದು ಮಕ್ಕಳು ಕುಣಿಯುವರು. ಒಂದು ದಿನ ಅಂಕಲ್ ಕನ್ನಡಕ ಸರಿಪಡಿಸಿಕೊಂಡು, "ಇದರ ಪ್ರೊಸೆಸರ್ ಹಳೇದಾಯ್ತು ಕಣೇ. ಬದಲಾಯಿಸೋಣ. ನಾನೇ ಮಾಡ್ತೀನಿ," ಎಂದರು.

ಎರಡು ವಾರ ವಿಡಿಯೋ ನೋಡಿದರು. ಮತ್ತು — ನೀನು ಬಲ್ಲೆ ಅವರನ್ನು — ಒಂದು ಫೈಲು ತೆರೆದರು. ಮೂವತ್ತೈದು ವರ್ಷ ಸಚಿವಾಲಯದಲ್ಲಿ ಕಳೆದವರಿಗೆ ಫೈಲಿಲ್ಲದೆ ಸ್ಕ್ರೂ ಬಿಚ್ಚಲು ಕೈ ಬರುವುದಿಲ್ಲ. ವಿಷಯ: ಶ್ರೀಮತಿಯವರ ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಾವಣೆ. ಪ್ರತಿ ಹಂತಕ್ಕೂ ನಾನು ಟಿಪ್ಪಣಿ ಬರೆದು ಮಂಡಿಸಬೇಕು, ಅವರು ಓದಿ ಸಹಿ ಹಾಕಬೇಕು. ನಾನೂ ಇನ್ನೊಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳೇ. ಊಟದ ಮೇಜಿನ ಮೇಲೆ ನಮ್ಮಿಬ್ಬರ ಆ ಸಣ್ಣ ಸರ್ಕಾರ ಎಷ್ಟು ಚೆನ್ನಾಗಿ ನಡೆಯಿತು! ಅವರು ಶಿಳ್ಳೆ ಹಾಕುತ್ತ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೇಳಿದ್ದೆ ಆ ಶಿಳ್ಳೆ.

ಒಂದು ಶನಿವಾರ ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಕೂರಿಸಿ, ಮೇಲೆ ಬೂದುಬಣ್ಣದ ಪೇಸ್ಟನ್ನು ಕಡಲೆಕಾಳಿನಷ್ಟು ಹಚ್ಚಿ, ಎಲ್ಲ ಮುಚ್ಚಿ ಗುಂಡಿ ಒತ್ತಿದರು. ದೀಪ ಬಂತು. ಪರದೆ ಬರಲಿಲ್ಲ. ಇನ್ನೊಮ್ಮೆ ಒತ್ತಿದರು, ಹತ್ತು ಸಲ ಒತ್ತಿದರು. ಆಮೇಲೆ ಹೋಗಿ ಅದೇ ಕಿಟಕಿಯ ಮುಂದೆ ಕುಳಿತರು.

ಮರುದಿನ ಗ್ರೇಟರ್ ನೋಯ್ಡಾದಲ್ಲಿ ಅವರ ಹಳೆಯ ಸಹೋದ್ಯೋಗಿಯ ಗೃಹಪ್ರವೇಶ. ನನಗೆ ಮಂಡಿನೋವೆಂದು ಸುಳ್ಳು ಹೇಳಿ ಅವರೊಬ್ಬರನ್ನೇ ಕಳಿಸಿದೆ. ಅವರ ಕಾರು ತಿರುವು ದಾಟಿದ್ದೇ ತಡ, ಲ್ಯಾಪ್‌ಟಾಪನ್ನೂ ಹಳೆಯ ಪ್ರೊಸೆಸರನ್ನೂ ತರಕಾರಿ ಚೀಲಕ್ಕೆ ಹಾಕಿಕೊಂಡು ಮಾರ್ಕೆಟ್ಟಿನ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯಾತ ನನ್ನ ವಯಸ್ಸಿನ ಸರ್ದಾರ್ಜಿ. ನೋಡಿದವರೇ, "ಬೆಹೆನ್‌ಜಿ, ಯೇ ಬೋರ್ಡ್ ಇಸ್ಕೋ ಪೆಹಚಾನ್‌ತಾ ಹೀ ನಹೀ," ಎಂದರು. ಹೊಸ ಪ್ರೊಸೆಸರಿನಲ್ಲಿ ಏನೂ ಐಬಿಲ್ಲ, ಕೂರಿಸಿದ ಕೈಯಲ್ಲೂ ಐಬಿಲ್ಲ. ಈ ಜಾತಿಯ ಲ್ಯಾಪ್‌ಟಾಪು ಆ ಪ್ರೊಸೆಸರನ್ನು ಗುರುತಿಸುವುದೇ ಇಲ್ಲ, ಅಷ್ಟೇ. ಅವರು ಹಳೆಯದನ್ನೇ ಮತ್ತೆ ಕೂರಿಸಿದರು. ಆಮೇಲೆ, ಅಂಕಲ್ ಬಿಚ್ಚದೆ ಬಿಟ್ಟಿದ್ದ ಫ್ಯಾನಿನ ಡಬ್ಬಿಯನ್ನು ಬಿಚ್ಚಿದರು. ಬಿಚ್ಚಿ ನನ್ನ ಮುಖ ನೋಡಿದರು.

ಇಲ್ಲಿ ನನಗೆ ಇನ್ನೂ ನಾಚಿಕೆ — ಬರೆದೇಬಿಡುತ್ತೇನೆ. ಪ್ರತಿ ವರ್ಷ ಆಯುಧಪೂಜೆಗೆ ನಾನು ಲ್ಯಾಪ್‌ಟಾಪಿಗೂ ಪೂಜೆ ಮಾಡುತ್ತಿದ್ದೆ. ಅದರ ಪಕ್ಕದಲ್ಲಿ ಬಿಸಿಗಾಳಿ ಬರುವ ಜಾಲರಿ ಇದೆಯಲ್ಲ, ಅದು ನನ್ನ ಕಣ್ಣಿಗೆ ಹೊಸ್ತಿಲಿನ ಹಾಗೆ. ಹೊಸ್ತಿಲಿಗೆ ಬಳಿದಂತೆ ಕಲಸಿದ ಅರಿಶಿನವನ್ನು ಬಳಿದು, ಮೇಲೆ ಕುಂಕುಮ ಇಟ್ಟು, ಮರುದಿನ ಹೊರಗಿನದನ್ನಷ್ಟೇ ಒರೆಸುತ್ತಿದ್ದೆ. "ಯಂತ್ರದೊಳಗೆ ಹೋಗುತ್ತೆ ಕಣೇ," ಎಂದು ಅಂಕಲ್ ಗೊಣಗಿದಾಗಲೆಲ್ಲ "ಮೇಲಷ್ಟೇ ಹಚ್ಚಿದ್ದು," ಎಂದು ವಾದಿಸಿದ್ದೆ. ಏಳು ವರ್ಷದ ಅರಿಶಿನ ಒಳಗೆ ಗಟ್ಟಿಯಾಗಿ ಗಾಳಿಯ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಸರ್ದಾರ್ಜಿ ಕೆತ್ತಿ ತೆಗೆದ ಚೂರುಗಳಲ್ಲಿ ಎರಡು ಅಕ್ಷತೆ ಕಾಳೂ ಇದ್ದವು. "ಪೂಜಾ ಬಹುತ್ ದಿಲ್ ಸೇ ಕೀ ಹೈ ಆಪ್ ನೇ," ಎಂದರು ಪುಣ್ಯಾತ್ಮರು, ಮನಸಾರೆ ಮಾಡಿದ ಪೂಜೆಯಂತೆ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸ್ವಚ್ಛವಾದ ಮೇಲೆ ಅದೇ ಹಳೆಯ ಪ್ರೊಸೆಸರ್ ಜಿಂಕೆಯಂತೆ ಓಡಿತು.

ಸಂಜೆ ಅಂಕಲ್ ಬಂದವರು ಸುಮ್ಮನೆ ಗುಂಡಿ ಒತ್ತಿ ನೋಡಿದರು. ಪರದೆ ಬೆಳಗಿತು. ಆ ಮುಖವನ್ನು ನೀನು ನೋಡಬೇಕಿತ್ತು, ರುಬೀನಾ. "ಪೇಸ್ಟ್ ಒಣಗಬೇಕಿತ್ತು ಕಣೇ! ಒಂದು ದಿನ ಸುಮ್ನೆ ಬಿಡಬೇಕಿತ್ತು, ಅಷ್ಟೇ!" ಎಂದು ಮಗುವಿನ ಹಾಗೆ ಕೂಗಿದರು. ಬಚ್ಚಲಿಗೆ ಹೋಗಿ ಕೈಕಾಲು ತೊಳೆಯುತ್ತ ಅಲ್ಲಿಂದಲೇ, "ಹೊಸ ಪ್ರೊಸೆಸರಿನ ಹೆಸರು ತೋರಿಸ್ತಿದೆಯಾ ನೋಡಿ ಟಿಪ್ಪಣಿ ಬರೀ, ಸಹಿ ಹಾಕ್ತೀನಿ," ಎಂದರು. ನಾನು ನೋಡಿದೆ. ಹಳೆಯದರ ಹೆಸರು ದಪ್ಪಕ್ಷರದಲ್ಲಿತ್ತು. ಪೆನ್ನು ತೆಗೆದುಕೊಂಡೆ — ಕಚೇರಿಯಲ್ಲಿ ಒಂದು ದಿನವೂ ಸುಳ್ಳು ಟಿಪ್ಪಣಿ ಬರೆಯದವಳು — ಹೊಸದರ ಹೆಸರು ಬರೆದು, ಕೆಳಗೆ ಬರೆದೆ: "ಪರಿಶೀಲಿಸಿದೆ, ಸರಿಯಿದೆ."

ಅವರು ಪರದೆ ನೋಡಲಿಲ್ಲ. ಕೆಳಗಿನವರು ಪರಿಶೀಲಿಸಿದ್ದನ್ನು ಮೇಲಿನವರು ಮತ್ತೆ ನೋಡುವ ಪದ್ಧತಿ ಅವರ ಸೇವೆಯಲ್ಲೇ ಇರಲಿಲ್ಲ. ಒದ್ದೆ ಕೈಯಲ್ಲೇ ಸಹಿ ಹಾಕಿದರು. ಹೊಸ ಪ್ರೊಸೆಸರನ್ನು ನಾನು ಕಿವಿಯೋಲೆಯ ಡಬ್ಬಿಯಲ್ಲಿ ಬಚ್ಚಿಟ್ಟೆ.

ಅವರ ಸಂತೋಷಕ್ಕಾಗಿ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಅರ್ಧ ನಿಜ. ಉಳಿದರ್ಧ — ನಿಜ ಹೇಳಿದರೆ ಅರಿಶಿನದ ಕಥೆಯೂ ಹೊರಬೀಳುತ್ತಿತ್ತು, ಏಳು ವರ್ಷದ ವಾದದಲ್ಲಿ ನಾನು ಸೋಲುತ್ತಿದ್ದೆ.

ಆಮೇಲಿನ ದಿನಗಳು ಹಬ್ಬವೇ. ಅಂಕಲ್ ಕಾಲೋನಿಗೇ ಡಾಕ್ಟರಾದರು. ಯಾರದೋ ಕೀಬೋರ್ಡು, ಯಾರದೋ ಬ್ಯಾಟರಿ. ಮನೆ ತುಂಬ ಜನ, ದಿನಕ್ಕೆ ಮೂರು ಸಲ ಕಾಫಿ. ಅದೇ ಗುಂಪಿನಲ್ಲಿ ನೀನು ಬಂದೆ. ವಿಜಯಪುರದ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಚೀಲದಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಹಾಸ್ಟೆಲ್ಲಿನ ಕೆಟಲುಗಳನ್ನೆಲ್ಲ ನೀನೇ ರಿಪೇರಿ ಮಾಡುತ್ತಿದ್ದೆ. ಬಂದ ಮೊದಲ ದಿನವೇ ಕಿರುಚಾಡುತ್ತಿದ್ದ ನಮ್ಮ ಮಿಕ್ಸಿಯ ಬಾಯಿ ಮುಚ್ಚಿಸಿದೆ. ನಿನ್ನನ್ನು ಕಂಡರೆ ನನಗೆ ಎಷ್ಟು ಖುಷಿಯಾಗುತ್ತಿತ್ತು!

ನಿನ್ನದೂ ನನ್ನ ಲ್ಯಾಪ್‌ಟಾಪಿನ ಜಾತಿಯದೇ. ಅಂಕಲ್ ಹೆಮ್ಮೆಯಿಂದ ಫೈಲು ತೆಗೆದುಕೊಟ್ಟರು. ನೀನು ನನ್ನ ಟಿಪ್ಪಣಿಗಳನ್ನು ಒಂದೊಂದಾಗಿ ಓದಿಕೊಂಡೆ. ಆಗ ಹೇಳಬಹುದಿತ್ತು. ಅಡುಗೆಮನೆಗೆ ಕರೆದು ಒಂದೇ ಮಾತು — ಒಗ್ಗರಣೆ ಸೀದುಹೋಗುವಷ್ಟು ಹೊತ್ತು ನಿಂತಿದ್ದೆ, ಹೇಳಲಿಲ್ಲ. ನೀನು ಅದೇ ಪ್ರೊಸೆಸರ್ ತಂದು ಕೂರಿಸಿದೆ. ಪರದೆ ಬರಲಿಲ್ಲ. ಫೈಲಿನಲ್ಲಿದ್ದಂತೆ ಪೇಸ್ಟ್ ಒಣಗಲೆಂದು ಒಂದು ದಿನ ಕಾದೆ. ಮತ್ತೂ ಎರಡು ದಿನ ಕಾದೆ. ಕೊನೆಗೆ ಹಳೆಯದನ್ನೇ ಹಾಕಿಕೊಂಡು ನಮ್ಮ ಮನೆಗೆ ಬಂದೆ.

"ಪಿನ್ ಮುಟ್ಟಿರ್ತೀಯಮ್ಮ. ಇದಕ್ಕೆ ಕೈ ಹಗುರ ಇರಬೇಕು. ನಿನ್ನ ಕೈ ಕೆಟಲಿಗೆ ಸರಿ," ಎಂದು ಅಂಕಲ್ ನಕ್ಕರು. ಪಾಠಕ್ಕೆ ಬಂದಿದ್ದ ಮಕ್ಕಳ ಅಪ್ಪ ಅಮ್ಮಂದಿರೂ ನಕ್ಕರು. ನೀನೂ ನಕ್ಕೆ. ಆಮೇಲೆ ಯಾವ ಹಬ್ಬದೂಟವಾದರೂ ಆ ಮಾತು ಒಮ್ಮೆ ಬಂದೇ ಬರುತ್ತಿತ್ತು, ನೀನು ನಗುತ್ತಲೇ ಇದ್ದೆ. ತಮಾಷೆ ಎಂದುಕೊಂಡಿದ್ದೆ ನಾನು.

ಹೋದ ವಾರ ಫೋನಿನಲ್ಲಿ ನೀನು, ಕೋಣೆಯ ಫ್ಯಾನಿನ ರೆಗ್ಯುಲೇಟರ್ ಕೆಟ್ಟು ಎಲೆಕ್ಟ್ರಿಷಿಯನ್ನಿಗಾಗಿ ಮೂರು ದಿನದಿಂದ ಕಾಯುತ್ತಿದ್ದೇನೆ ಎಂದೆ. ನೀನೇ ಬಿಚ್ಚಿ ನೋಡೆ ಎಂದರೆ, "ಬ್ಯಾಡ್ರಿ ಆಂಟಿ, ನನ್ನ ಕೈ ಸರಿ ಇಲ್ಲ. ಅವತ್ತಿಂದ ಸ್ಕ್ರೂಡ್ರೈವರ್ ಮುಟ್ಟೂದೇ ಬಿಟ್ಟೀನ್ರಿ," ಎಂದೆ. ಅದನ್ನೂ ನಗುತ್ತಲೇ ಹೇಳಿದೆ. ಫೋನಿಟ್ಟ ಮೇಲೆ ನಾನು ಅತ್ತೆ.

ನಿನ್ನೆ ಅಂಕಲ್‌ಗೆ ಎಲ್ಲ ಹೇಳಿದೆ. ಅರಿಶಿನವನ್ನೂ ಬಿಡಲಿಲ್ಲ. ಅವರು "ಹಾಗಾದ್ರೆ ಪೇಸ್ಟ್ ಒಣಗೋ ಅಗತ್ಯವೇ ಇಲ್ವಾ?" ಎಂದು ಕೇಳಿದರು. ನಾನು ಇಲ್ಲವೆಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತು, "ಆ ಹುಡುಗಿಗೆ ಎಷ್ಟು ಸಲ ಅಂದೆನಲ್ಲೇ ನಾನು," ಎಂದರು.

ಬರುವ ಭಾನುವಾರ ಯುಗಾದಿ ಊಟಕ್ಕೆ ಅದೇ ಜನ, ನಮ್ಮನ್ನೂ ಸೇರಿಸಿ ಹದಿನಾಲ್ಕು ಎಲೆ. ಯಾರ ಮುಂದೆ ನಿನ್ನ ಕೈಯನ್ನು ಹಳಿದೆವೋ ಅವರ ಮುಂದೆಯೇ ನಿಂತು ಹೇಳುತ್ತೇನೆ. ಊಟವಾದ ಮೇಲೆ ಹೇಳಿದರೆ ಎಲ್ಲರೂ ತೃಪ್ತಿಯಲ್ಲಿ ಕ್ಷಮಿಸಿಬಿಡುತ್ತಾರೆ. ಆದ್ದರಿಂದ ಎಲ್ಲರೂ ಹಸಿದಿರುವಾಗಲೇ, ಬಡಿಸುವ ಮೊದಲೇ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ.