ಭಂಡಾರ ಮುಟ್ಟಿದ ಮಾಲೀಕರು

ತಂಡಗಳ ಮಾಲೀಕರೆಲ್ಲ ಸೇರಿ ಒಬ್ಬ ಆಟಗಾರನನ್ನು ಮೂಲೆಗೆ ತಳ್ಳಿದರು ಎಂದು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ. ಬೆಳಗಾವಿಯಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದ್ದೇನೆ. ಜಮೀನು, ಹೊಡೆದಾಟ, ವಿಚ್ಛೇದನ ಎಲ್ಲ ನೋಡಿದ್ದೇನೆ. ಈ ಕಬಡ್ಡಿ ಪ್ರಕರಣದಷ್ಟು ತಲೆ ಕೆಡಿಸಿದ್ದು ಬೇರೊಂದಿಲ್ಲ.

ಆಟಗಾರ ಖಾನಾಪುರ ತಾಲ್ಲೂಕಿನವನು, ಕುರಿ ಸಾಕುವ ಮನೆತನ. ಕಬಡ್ಡಿಯೇ ಅವನ ಹೊಟ್ಟೆಪಾಡು. ನಮ್ಮ ಕಡೆಯ ಲೀಗಿನಲ್ಲಿ ಅವನಂಥ ರೈಡರ್ ಇನ್ನೊಬ್ಬನಿರಲಿಲ್ಲ. ಒಂದು ಪಂದ್ಯದಲ್ಲಿ ಅವನ ಜೊತೆಗಾರನ ಮೊಣಕಾಲು ಮುರಿಯಿತು. ಅವನನ್ನು ನೆಹರು ನಗರದ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋದ ತಂಡದ ಮಾಲೀಕ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಗ ಇವನು ಎಲ್ಲರ ಮುಂದೆ ಎದ್ದು ನಿಂತು, ಗಾಯವಾದರೆ ಮಾಲೀಕರೇ ಚಿಕಿತ್ಸೆ ಕೊಡಿಸಬೇಕು, ಇಲ್ಲದಿದ್ದರೆ ನಾವ್ಯಾರೂ ಅಂಕಣಕ್ಕೆ ಇಳಿಯುವುದಿಲ್ಲ ಅಂದ. ಮುಂದಿನ ಹರಾಜಿನಲ್ಲಿ ಇವನ ಹೆಸರು ಕೂಗಿದಾಗ ಒಬ್ಬ ಮಾಲೀಕನೂ ಕೈ ಎತ್ತಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಇನ್ನೊಂದು ವರ್ಷ ಹೀಗೇ ಹೋದರೆ ಅವನ ಆಟ ಮುಗಿದಂತೆ.

ಲೀಗಿನ ಸಮಿತಿಗೆ ದೂರು ಕೊಟ್ಟೆ. ಮಾಲೀಕರಲ್ಲಿ ಒಬ್ಬೊಬ್ಬರಿಗೂ ಒಂದೊಂದು ನೆಪ. ಒಬ್ಬನಿಗೆ ರೈಡರ್ ಬೇಕಿರಲಿಲ್ಲವಂತೆ. ಒಬ್ಬನಿಗೆ ಇವನ ವಯಸ್ಸು ಜಾಸ್ತಿ ಅನಿಸಿತಂತೆ. ಇನ್ನೊಬ್ಬ ಮಹಾಶಯನಿಗೆ ಸರಿಯಾಗಿ ಆಗಲೇ ಫೋನ್ ಬಂದಿತ್ತಂತೆ.

ಸಮಿತಿಯ ಅಧ್ಯಕ್ಷರು ಚಹಾ ಹೀರುತ್ತಾ, "ಎಲ್ಲಾರೂ ಬ್ಯಾಡ ಅಂದ್ರು ಅಂದ್ರ, ಎಲ್ಲಾರೂ ಕೂಡಿ ಮಾತಾಡ್ಯಾರ ಅಂತೇನ್ರಿ? ಪುರಾವೆ ಕೊಡ್ರಿ," ಅಂದರು. ಮೈಯೆಲ್ಲ ಉರಿಯಿತು. ಉರಿದು ಏನು ಮಾಡುವುದು, ಕಾನೂನು ಹೇಳುವುದೂ ಅದನ್ನೇ. ಒಳಒಪ್ಪಂದ ಆಗಿತ್ತೆಂದು ನಾನೇ ತೋರಿಸಬೇಕು.

ಮಾಲೀಕರ ಪೈಕಿ ಒಬ್ಬರು ಇವನ ಊರಿನವರೇ, ಇವನ ಬಳಗದವರೇ. ಕಾಕಾ ಎಂದು ಕರೆಯುತ್ತಾನೆ. ಇವನಿಗೆ ಮೊದಲ ಬೂಟು ಕೊಡಿಸಿದ್ದೂ ಅವರೇ. ಸಾಂಬ್ರಾದಲ್ಲಿ ಅವರ ಇಟ್ಟಿಗೆ, ಮರಳಿನ ವ್ಯಾಪಾರ. ಅಲ್ಲಿಗೇ ಹೋಗಿ ಕುಳಿತೆ. ಅವರು ಸುತ್ತಿಬಳಸಿ ಮಾತಾಡಲಿಲ್ಲ.

"ಖರೇ ಐತ್ರಿ ಮೇಡಮ್ಮಾರ, ಎಲ್ಲಾರೂ ಕೂಡಿ ಮಾತಾಡೇವಿ. ಆದ್ರ ಭಂಡಾರ ಮುಟ್ಟೇವಿ. ಅವಗ ಕೈ ಎತ್ತಾಕೂ ಬರಂಗಿಲ್ಲ, ಹೊರಗ ಹೇಳಾಕೂ ಬರಂಗಿಲ್ಲ."

ದೇವರ ಅರಿಶಿನವಾದ ಭಂಡಾರ ಮುಟ್ಟಿ ಕೊಟ್ಟ ಮಾತು ಮುರಿದರೆ ಮನೆತನ ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಎಷ್ಟು ಜಾಣರು ನೋಡಿ. ಉಳಿದ ಮಾಲೀಕರಿಗೆ ಆ ದೇವರ ಮೇಲೆ ಭಕ್ತಿಯೂ ಇಲ್ಲ, ಭಯವೂ ಇಲ್ಲ. ಕಾಕಾನ ಬಾಯಿ ಕಟ್ಟಲೆಂದೇ ಭಂಡಾರ ತರಿಸಿದ್ದರು.

ನಾನು ಬಸವಣ್ಣನನ್ನು ನಂಬಿದ ಮನೆಯವಳು. ಆಣೆ ಹಾಕಿದರೆ ನಮ್ಮಪ್ಪ ಬೈಯುತ್ತಿದ್ದರು. ಆದರೂ ವಿಚಾರಣೆಯ ದಿನ ಒಂದು ಪೊಟ್ಟಣ ಭಂಡಾರ ತಂದೆ. ಕಾಕಾನನ್ನು ಸಾಕ್ಷಿಗೆ ಕರೆಯುವುದು, ಎಲ್ಲರೆದುರು ಅದನ್ನು ಮುಟ್ಟಿಸಿ ಕೇಳುವುದು. ಭಂಡಾರ ಮುಟ್ಟಿ ಆ ಮನುಷ್ಯ ಸುಳ್ಳು ಹೇಳಲಾರ. ಗೆದ್ದೆ ಎಂದುಕೊಂಡೆ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆಟಗಾರನಿಗೆ ನನ್ನ ಉಪಾಯ ಹೇಳಿದೆ. ಅವನು ಕೈ ಚಾಚಿ ಪೊಟ್ಟಣ ತೆಗೆದುಕೊಂಡ.

"ಬ್ಯಾಡ್ರಿ ಅಕ್ಕಾರ. ಖರೇ ಹೇಳಿದ್ರ ಆವತ್ತಿನ ಭಂಡಾರ ಬಿಡಂಗಿಲ್ಲ, ಸುಳ್ಳ ಹೇಳಿದ್ರ ಇವತ್ತಿಂದು ಬಿಡಂಗಿಲ್ಲ. ಹೆಂಗಾದ್ರೂ ಕಾಕಾನ ಮನಿ ಕೆಡ್ತೈತಿ."

"ಮತ್ತ ನಿನ್ನ ಮನಿ?" ಎಂದು ರೇಗಿದೆ. "ನಿನ್ನ ಹೆಸರು ಕೂಗಿದಾಗ ಸುಮ್ಮ ಕುಂತ್ರಲ್ಲ, ಆಗ ನಿನ್ನ ಮನಿ ನೆನಪಾತೇನು ಅವರಿಗೆ?"

ಅವನು ರೈಡಿಗೆ ಹೋಗುವ ಮುಂಚೆ ಮಾಡುತ್ತಿದ್ದಂತೆ ಚಿಟಿಕೆ ಭಂಡಾರ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಜೇಬಿಗೆ ಹಾಕಿದ. ಒಳಗೆ ಭಂಡಾರ ಮುಟ್ಟಿಸದೆಯೇ ಕೇಳಿದೆ; ಕಾಕಾ ತಮಗೇನೂ ಗೊತ್ತಿಲ್ಲ ಅಂದರು. ಪುರಾವೆ ಇಲ್ಲವೆಂದು ದೂರು ವಜಾ ಆಯಿತು. ರಾಮತೀರ್ಥ ನಗರದ ಮನೆಗೆ ಬಂದವಳೇ ಕರಿಕೋಟು ತೆಗೆದು ಬಿಸಾಡಿದೆ.

ಈ ವರ್ಷದ ಹರಾಜಿಗೂ ಅವನ ಜೊತೆ ಹೋಗಿದ್ದೆ. ಅವನ ಹೆಸರು ಕೂಗಿದರು. ಮುಂದಿನ ಸಾಲಿನಲ್ಲಿ ಕಾಕಾ ನೆಲ ನೋಡುತ್ತಾ ಕುಳಿತಿದ್ದರು. ಅವರ ಬಲಗೈ ತೊಡೆಯ ಮೇಲಿಂದ ಒಂಚೂರು ಎದ್ದಿತು. ನನ್ನ ಪಕ್ಕದಲ್ಲಿದ್ದ ಇವನು, "ಬ್ಯಾಡೋ ಕಾಕಾ, ಬ್ಯಾಡ," ಎಂದು ತನ್ನಷ್ಟಕ್ಕೆ ಪಿಸುಗುಟ್ಟಿದ. ಕೈ ಕೆಳಗಿಳಿಯಿತು. ಮುಂದಿನ ಆಟಗಾರನ ಹೆಸರು ಕೂಗಿದಾಗ ಇವನು ಹಗುರಾಗಿ ಉಸಿರು ಬಿಟ್ಟ. ಸಿಟ್ಟಿಗೆ ನನಗೆ ಅಳುವೇ ಬಂತು.